ಒಂದೇ ದಾರಿ, ಎರಡು ಗಾಡಿ: ಎಲೆಕ್ಟ್ರಿಕ್ ಎಸ್‌ಯುವಿಯಲ್ಲಿ ಮನೆಮಂದಿಯ ಜೊತೆ ದೂರ ಹೊರಡುವವರಿಗೆ

ಚಾರ್ಜಿಂಗ್ ಸ್ಟೇಷನ್ನಿನ ಬೋರ್ಡಿನ ಮೇಲೆ 120 ಕಿಲೋವ್ಯಾಟ್ (ಚಾರ್ಜ್ ಕೊಡುವ ವೇಗ) ಅಂತ ದೊಡ್ಡದಾಗಿ ಬರೆದಿತ್ತು. ಗಾಡಿಯ ಪರದೆಯಲ್ಲಿ ಕಾಣುತ್ತಿದ್ದದ್ದು 58. ಐವತ್ತು ನಿಮಿಷ ಸಾಲಿನಲ್ಲಿ ಕಾದು, ಕೊನೆಗೂ ಗನ್ (ಗಾಡಿಗೆ ಸಿಕ್ಕಿಸುವ ಚಾರ್ಜಿಂಗ್ ವೈರಿನ ತುದಿ) ಹಾಕಿದ ಮೇಲೆ ಸಿಕ್ಕಿದ್ದು ಇಷ್ಟೇ. ಯಾಕೆ ಹೀಗೆ ಅಂತ ಪಕ್ಕದ ಗಾಡಿಯವರು ಬಿಡಿಸಿ ಹೇಳಿದರು. ಯಂತ್ರ ಒಂದೇ, ಗನ್ ಎರಡು. ಇಬ್ಬರು ಒಟ್ಟಿಗೆ ಹಾಕಿದರೆ ಕರೆಂಟು ಅರ್ಧರ್ಧ ಹಂಚಿಹೋಗುತ್ತದೆ. ಇದು ಬೋರ್ಡಿನಲ್ಲಿ ಇರಲಿಲ್ಲ, ಆ್ಯಪಿನಲ್ಲೂ ಇರಲಿಲ್ಲ. ಮೊದಲೇ ಹೇಳಿದ್ದರೆ ಹಿಂದಿನ ಸ್ಟೇಷನ್ನಿನಲ್ಲೇ ನಿಲ್ಲಿಸುತ್ತಿದ್ದೆ. ಸಿಟ್ಟು ಬಂದದ್ದು ಅದಕ್ಕೇ.

ನಾವು ಎರಡು ಗಾಡಿಯಲ್ಲಿ ಹೊರಟಿದ್ದೆವು. ನನ್ನದು ಎಲೆಕ್ಟ್ರಿಕ್, ಅಣ್ಣನದು ಪೆಟ್ರೋಲ್. ಒಂದೇ ಕಂಪನಿಯದು, ಎರಡೂ ಏಳು ಸೀಟಿನ ದುಬಾರಿ ಗಾಡಿಗಳೇ. ಬ್ರ್ಯಾಂಡಿನ ಜಗಳ ಬೇಡ ಅಂತ ಹೆಸರು ಬರೆಯುತ್ತಿಲ್ಲ. ವೋಲ್ವೊ ಇಎಕ್ಸ್90 ಮತ್ತು ಎಕ್ಸ್‌ಸಿ90, ಮರ್ಸಿಡಿಸ್ ಇಕ್ಯೂಎಸ್ ಎಸ್‌ಯುವಿ ಮತ್ತು ಜಿಎಲ್‌ಎಸ್, ಇಂಥ ಜೋಡಿ ಅಂದುಕೊಳ್ಳಿ. ದಾರಿ 640 ಕಿ.ಮೀ., ಕೊನೆಯಲ್ಲಿ ಸಾವಿರ ಮೀಟರ್ ಎತ್ತರದ ಬೆಟ್ಟ. ಒಟ್ಟು ಎಂಟು ಜನ. ಅಮ್ಮ ಮತ್ತು ಮಕ್ಕಳು ನನ್ನ ಗಾಡಿಯಲ್ಲಿ.

ಸೀಟು, ಸಸ್ಪೆನ್ಷನ್, ಸ್ಪೀಕರ್ ಇವೆಲ್ಲ ಎರಡರಲ್ಲೂ ಹೆಚ್ಚುಕಡಿಮೆ ಒಂದೇ. ಅದರ ಬಗ್ಗೆ ಬರೆಯಲು ಏನಿಲ್ಲ.

ಚಾರ್ಜಿಂಗ್ ಲೆಕ್ಕಕ್ಕೆ ಬರುತ್ತೇನೆ. ಒಂದು ಕಿಲೋವ್ಯಾಟ್ ಅವರ್ ಅಂದರೆ ನಮ್ಮ ಮನೆ ಮೀಟರಿನ ಒಂದು ಯೂನಿಟ್ಟೇ. ನನ್ನ ಬ್ಯಾಟರಿಯಲ್ಲಿ ಬಳಸಲು ಸಿಗುವುದು ಸುಮಾರು 105 ಯೂನಿಟ್. ಹೊರಡುವಾಗ ಪರದೆ 560 ಕಿ.ಮೀ. ತೋರಿಸಿತು. ಹೆದ್ದಾರಿಯಲ್ಲಿ 110ರ ವೇಗದಲ್ಲಿ ಹೋದೆ. ನೂರು ಕಿಲೋಮೀಟರಿಗೆ 26 ಯೂನಿಟ್ ಹೋಯಿತು. ಅಂದರೆ ಪೂರ್ತಿ ಖಾಲಿ ಮಾಡಿದರೂ 400 ಕಿ.ಮೀ. ಅಷ್ಟೇ. 330 ಕಿ.ಮೀ. ಆಗುವಾಗ 18 ಶೇಕಡಾ ಉಳಿದಿತ್ತು. ಅಲ್ಲೇ ಆ ಸ್ಟೇಷನ್. ರಜೆ ಶುರುವಾಗುವ ದಿನ, ಮುಂದೆ ನಾಲ್ಕು ಗಾಡಿ. 80 ಶೇಕಡಾ ತಲುಪಲು ಅರ್ಧ ಗಂಟೆ ಸಾಕು ಅಂದುಕೊಂಡಿದ್ದೆ. ಗನ್ ಹಾಕಿದ ಮೇಲೆ ಒಂದು ಗಂಟೆಗೂ ಜಾಸ್ತಿ ಹಿಡಿಯಿತು. ಕಾದದ್ದೂ ಸೇರಿ ಎರಡು ಗಂಟೆ.

ಅಲ್ಲಿ ನೆರಳಿಲ್ಲ. ಕೂರಲು ಒಂದು ಬೆಂಚಿಲ್ಲ. ಶೌಚಾಲಯಕ್ಕೆ ಅಮ್ಮನನ್ನು ರಸ್ತೆ ದಾಟಿಸಿ ಕರೆದುಕೊಂಡು ಹೋಗಬೇಕಾಯಿತು. ಸಾಲಿನಲ್ಲಿ ಯಾರು ಮುಂದೆ, ಯಾರು ಹಿಂದೆ ಅಂತ ಇಬ್ಬರ ನಡುವೆ ಮಾತಿಗೆ ಮಾತು ಬೆಳೆಯಿತು. ಗದ್ದಲ ನನಗೆ ಮೊದಲಿನಿಂದಲೂ ಆಗಿಬರುವುದಿಲ್ಲ. ಹಾಗಾಗಿ ನನ್ನ ಸಲಹೆಯಲ್ಲಿ ಆ ಎರಡು ಗಂಟೆಯ ಬೇಸರವೂ ಸೇರಿದೆ ಅಂತ ಇಟ್ಟುಕೊಳ್ಳಿ. ಅಣ್ಣ ಬಂಕಿನಲ್ಲಿ ಐದು ನಿಮಿಷ ನಿಂತು, ದಾರಿಯಲ್ಲಿ ಒಂದೆರಡು ಸಲ ಕೈಕಾಲು ಆಡಿಸಿ, ನಮಗಿಂತ ಒಂದೂವರೆ ಗಂಟೆ ಮೊದಲೇ ಸೇರಿದ್ದ. ನಾವು ಮುಂದೆ ಇನ್ನೊಂದು ಕಡೆ ಇಪ್ಪತ್ತು ನಿಮಿಷ ನಿಲ್ಲಲೇಬೇಕಾಯಿತು.

ತಪ್ಪು ಗಾಡಿಯದಲ್ಲ. ಮೊದಲು ಬಂದ ಇಎಕ್ಸ್90 ಗರಿಷ್ಠ 250 ಕಿಲೋವ್ಯಾಟ್ ತೆಗೆದುಕೊಳ್ಳುತ್ತದೆ ಅಂತ ವೋಲ್ವೊ ಹೇಳಿತ್ತು, ಐದು ಸೀಟಿನ ಎಲೆಕ್ಟ್ರಿಕ್ ಗಾಡಿ ಐಎಕ್ಸ್ ಎಕ್ಸ್‌ಡ್ರೈವ್50ಗೆ 195 ಅಂತ ಬಿಎಂಡಬ್ಲ್ಯು ಹೇಳಿತ್ತು. ಆದರೆ ಯಂತ್ರ ಕೊಡುವುದೇ 58 ಆದರೆ ಗಾಡಿಗೆ ಎಷ್ಟು ತಾಕತ್ತಿದ್ದರೇನು? ದಯವಿಟ್ಟು ಗಾಡಿಯ ಅಂಕಿ ನೋಡಿ ಪ್ರಯಾಣದ ಸಮಯ ಲೆಕ್ಕ ಹಾಕಬೇಡಿ. ದಾರಿಯ ಯಂತ್ರದ ಅಂಕಿ ನೋಡಿ. ಗನ್ ಎಷ್ಟು, ಹಂಚಿಕೆ ಇದೆಯಾ ಅಂತ ಮೊದಲೇ ಫೋನ್ ಮಾಡಿ ಕೇಳಿ. 18 ಶೇಕಡಾಕ್ಕೆ ಇಳಿಯುವ ತನಕ ಓಡಿಸಿದ್ದು ನನ್ನ ತಪ್ಪು. 40 ಉಳಿದಿರುವಾಗಲೇ ನಿಲ್ಲಿಸಿದರೆ, ಅಲ್ಲಿ ರಶ್ ಇದ್ದರೆ ಮುಂದಿನದಕ್ಕೆ ಹೋಗಬಹುದು.

ಪೆಟ್ರೋಲಿನ ಕಡೆ ಇರುವ ದೊಡ್ಡ ಅನುಕೂಲ ಟ್ಯಾಂಕು. ಎಕ್ಸ್‌ಸಿ90ಯ ಮೈಲ್ಡ್ ಹೈಬ್ರಿಡ್‌ನಲ್ಲಿ (ಪೆಟ್ರೋಲ್ ಎಂಜಿನ್ನಿಗೆ ಸಣ್ಣ ಮೋಟಾರಿನ ಸಹಾಯ ಇರುವಂಥದ್ದು) 71 ಲೀಟರ್ ಹಿಡಿಯುತ್ತದೆ. ಒಂದು ಲೀಟರ್ ಪೆಟ್ರೋಲಿನಲ್ಲಿ ಸುಮಾರು 9 ಯೂನಿಟ್ ಶಕ್ತಿ. ಲೆಕ್ಕ ಹಾಕಿ, 600 ಯೂನಿಟ್ ದಾಟುತ್ತದೆ. ಮೊದಲು ಬಂದ ಇಎಕ್ಸ್90ಯ ಬ್ಯಾಟರಿಯಲ್ಲಿ ಬಳಸಲು ಸಿಗುವುದು 107. ಹತ್ತಿರ ಹತ್ತಿರ ಆರು ಪಟ್ಟು ವ್ಯತ್ಯಾಸ! ಆದರೆ ಪೆಟ್ರೋಲ್ ಗಾಡಿ ಆರು ಪಟ್ಟು ದೂರ ಓಡುವುದಿಲ್ಲ. ಎಂಜಿನ್ನಿನಲ್ಲಿ ಸುಮಾರು ಮುಕ್ಕಾಲು ಪಾಲು ಶಕ್ತಿ ಬಿಸಿಯಾಗಿಯೇ ಹೋಗಿಬಿಡುತ್ತದೆ. ಎಲೆಕ್ಟ್ರಿಕ್ ಮೋಟಾರ್ ಹಾಗೆ ವ್ಯರ್ಥ ಮಾಡುವುದಿಲ್ಲ. ಅದಕ್ಕೇ ವೇಗ ಜಾಸ್ತಿ ಮಾಡಿದ್ದು, ಬೆಟ್ಟ ಹತ್ತಿದ್ದು ಎಲ್ಲ ಪರದೆಯ ಮೇಲೆ ಕೂಡಲೇ ಕಾಣುತ್ತದೆ. 95ರ ಬದಲು 110ರಲ್ಲಿ ಹೋದರೆ ಗಾಳಿಯ ತಡೆ ಮೂರನೇ ಒಂದು ಪಾಲಿನಷ್ಟು ಏರುತ್ತದೆ. ಅಣ್ಣನಿಗೂ ಏರಿತ್ತು. ಅವನು ಟ್ಯಾಂಕಿನ ಮುಳ್ಳು ನೋಡಲಿಲ್ಲ, ಅಷ್ಟೇ.

ಬೆಟ್ಟದ ವಿಷಯ ಸ್ವಲ್ಪ ಗಮನವಿಟ್ಟು ಓದಿ. ಈ ಎಲೆಕ್ಟ್ರಿಕ್ ಗಾಡಿಗಳು ಬಹಳ ಭಾರ. ಇಎಕ್ಸ್90 ಸುಮಾರು 2.8 ಟನ್, ಎಕ್ಸ್‌ಸಿ90 ಸುಮಾರು 2.1 ಟನ್. ಜನ, ಸಾಮಾನು ಸೇರಿ ನನ್ನದು 3 ಟನ್ ದಾಟಿತ್ತು. ಅಷ್ಟು ಭಾರವನ್ನು ಸಾವಿರ ಮೀಟರ್ ಎತ್ತಲು ಸುಮಾರು 9 ಯೂನಿಟ್ ಬೇಕು. ಹೆದ್ದಾರಿಯಲ್ಲಿ ಅದು 35 ಕಿ.ಮೀ. ಓಟ. ಬೆಟ್ಟದ ಬುಡದಲ್ಲಿ ‘ಇನ್ನು 30 ಕಿ.ಮೀ. ತಾನೇ’ ಅಂತ ಹೊರಟರೆ ನಡುದಾರಿಯಲ್ಲಿ ಎದೆ ಹೊಡೆದುಕೊಳ್ಳುತ್ತದೆ. ನಾವು ಮೇಲೆ ಸೇರುವಾಗ 13 ಶೇಕಡಾ ಇತ್ತು.

ಇಳಿಯುವಾಗ ಇದರ ಉಲ್ಟಾ. ಆಕ್ಸಿಲರೇಟರಿನಿಂದ ಕಾಲೆತ್ತಿದರೆ ಮೋಟಾರೇ ಗಾಡಿಯನ್ನು ತಡೆದು ಬ್ಯಾಟರಿ ತುಂಬಿಸುತ್ತದೆ. ಆದರೆ ಬ್ಯಾಟರಿ ಪೂರ್ತಿ ತುಂಬಿದ್ದರೆ ಆ ಕರೆಂಟಿಗೆ ಜಾಗವಿಲ್ಲ, ಆಗ ಬ್ರೇಕೇ ಎಲ್ಲ ಕೆಲಸ ಮಾಡಬೇಕು. ಹಾಗಾಗಿ ಎತ್ತರದ ಊರಿನಿಂದ ಹೊರಡುವವರು 100 ಮಾಡಬೇಡಿ, 90ಕ್ಕೆ ನಿಲ್ಲಿಸಿ. ನಾನು 90ರಲ್ಲಿ ಹೊರಟೆ. ಬುಡಕ್ಕೆ 30 ಕಿ.ಮೀ. ಇಳಿದಾಗಲೂ ಪರದೆಯಲ್ಲಿ 90 ಇತ್ತು. ಬ್ರೇಕಿನ ವಾಸನೆ ಇಲ್ಲ. ಅಣ್ಣ ಅಷ್ಟೂ ದೂರ ಗೇರ್ ಇಳಿಸಿಕೊಂಡು, ಬ್ರೇಕ್ ಒತ್ತಿಕೊಂಡು ಬಂದ.

ಒಂದು ಎಚ್ಚರಿಕೆ. ಕಾಲೆತ್ತಿದ ಕೂಡಲೇ ಮೋಟಾರ್ ಬಲವಾಗಿ ತಡೆಯುವ ಸೆಟ್ಟಿಂಗಿನಲ್ಲಿ ತಿರುವು ಹತ್ತುವಾಗ, ಹಿಂದೆ ಕೂತಿದ್ದ ಮಗಳಿಗೆ ಹೊಟ್ಟೆ ತೊಳಸಿತು. ಕಾಲೆತ್ತಿದಾಗಲೆಲ್ಲ ಗಾಡಿ ಜಗ್ಗುತ್ತಿತ್ತು. ಸೆಟ್ಟಿಂಗ್ ಕಡಿಮೆ ಮಾಡಿ, ಅವಳನ್ನು ಮಧ್ಯದ ಸಾಲಿಗೆ ಕರೆದೆವು, ಸರಿಹೋಯಿತು. ಮೂರನೇ ಸಾಲಿನಲ್ಲಿ ಎತ್ತರದವರು ಒಮ್ಮೆ ಕೂತು ನೋಡಿ. ಅಡಿಯಲ್ಲಿ ಬ್ಯಾಟರಿ ಇರುವುದರಿಂದ ನೆಲ ಮೇಲಿದೆ, ಮಂಡಿ ಎದೆಯ ಕಡೆ ಬರುತ್ತದೆ. ಪೆಟ್ರೋಲ್ ಗಾಡಿಯಲ್ಲಿ ಕಾಲು ಸ್ವಲ್ಪ ಕೆಳಗೆ ಹೋಗುತ್ತದೆ.

ಅಲ್ಲಿ ಮೂರು ದಿನ ಇದ್ದೆವು. ಆ ದಿನಗಳ ಬಗ್ಗೆ ಇಲ್ಲಿ ಬೇಡ. ಆದರೆ ಉಳಿದ ಜಾಗದ ಚಾರ್ಜರ್ ಬಗ್ಗೆ ಹೇಳಲೇಬೇಕು. ಗಾಡಿ ನಿಲ್ಲಿಸುವ ಶೆಡ್ಡಿನ ಗೋಡೆಗೆ ಒಂದು ಸಣ್ಣ ಪೆಟ್ಟಿಗೆ, 11 ಕಿಲೋವ್ಯಾಟ್. ದೊಡ್ಡ ಯಂತ್ರಗಳ ಪಕ್ಕ ಇದು ಏನೂ ಅಲ್ಲ ಅನಿಸುತ್ತದೆ. ಸಾಲಿಲ್ಲ, ಆ್ಯಪಿಲ್ಲ, ಫ್ಯಾನಿನ ಸದ್ದಿಲ್ಲ. ರಾತ್ರಿ ವೈರ್ ಸಿಕ್ಕಿಸಿ ಮಲಗಿದೆ. ಎಂಟು ಗಂಟೆಯಲ್ಲಿ 13 ಇದ್ದದ್ದು 90 ಆಗಿತ್ತು. ಬೆಳಿಗ್ಗೆ ಎದ್ದು ಗಾಜಿನ ಇಬ್ಬನಿ ಒರೆಸುವಾಗ, ಹಿಂದಿನ ದಿನದ ಎರಡು ಗಂಟೆ ಯಾಕೆ ಬೇಕಿತ್ತು ಅನಿಸಿತು. ನಿಧಾನಕ್ಕೆ ತುಂಬುವುದು ಬ್ಯಾಟರಿಗೂ ಒಳ್ಳೆಯದು. ಇಂಥ ಪೆಟ್ಟಿಗೆ ಇರುವ ಜಾಗ ಸಿಕ್ಕಿದರೆ ರೂಮು ಸ್ವಲ್ಪ ಸಾದಾ ಇದ್ದರೂ ಅದನ್ನೇ ಹಿಡಿಯಿರಿ. ಆದರೆ ‘ಚಾರ್ಜರ್ ಇದೆ’ ಅನ್ನುವ ಮಾತು ನಂಬಬೇಡಿ, ಎಷ್ಟು ಕಿಲೋವ್ಯಾಟ್ ಅಂತ ಕೇಳಿ. ಮೊದಲು ವಿಚಾರಿಸಿದ ಇನ್ನೊಂದು ಕಡೆ ಇದ್ದದ್ದು ಗೋಡೆಯ ಮಾಮೂಲಿ ಸಾಕೆಟ್. ಅದರಲ್ಲಿ 3 ಕಿಲೋವ್ಯಾಟ್ ಬಂದರೆ ಹೆಚ್ಚು, ಖಾಲಿ ಬ್ಯಾಟರಿ ತುಂಬಲು ಒಂದೂವರೆ ದಿನ ಬೇಕು.

ವಾಪಸ್ ಬಂದದ್ದು ವಾರದ ನಡುವೆ, ಬೆಳಿಗ್ಗೆ ಐದಕ್ಕೆ ಹೊರಟು, 95 ದಾಟದೆ. ಆ ಹಳೇ ಸ್ಟೇಷನ್ ಬಿಟ್ಟು, ನೆರಳಿರುವ ಇನ್ನೊಂದು ಕಡೆ ಅಣ್ಣನೂ ನಾವೂ ಒಟ್ಟಿಗೆ ನಿಂತೆವು. ಸ್ಟೇಷನ್ನಿನ ವಿಳಾಸವನ್ನು ಮೊದಲೇ ಗಾಡಿಯ ನಕ್ಷೆಯಲ್ಲಿ ಹಾಕಿದ್ದರಿಂದ ಬ್ಯಾಟರಿ ತಾನೇ ಬೇಗ ಚಾರ್ಜ್ ಆಗುವ ಬಿಸಿಯ ಹದಕ್ಕೆ ಬಂದಿತ್ತು. ಚಾರ್ಜಿಗೆ ಹಾಕಿದ ಗಾಡಿ ನಮ್ಮದೊಂದೇ. 31ರಿಂದ 80 ಶೇಕಡಾಕ್ಕೆ ಅರ್ಧ ಗಂಟೆ. ಅಷ್ಟರಲ್ಲಿ ಅಮ್ಮ ಎರಡು ಸುತ್ತು ನಡೆದು ಬಂದರು, ಮಕ್ಕಳು ಓಡಾಡಿಕೊಂಡಿದ್ದರು. ಗಾಡಿಗಾಗಿ ಕಾದೆವು ಅಂತ ಯಾರಿಗೂ ಅನಿಸಲಿಲ್ಲ. 80 ಆದಮೇಲೆ ನಿಲ್ಲಬೇಡಿ, ಅಲ್ಲಿಂದ ಮೇಲೆ ತುಂಬುವುದು ಬಹಳ ನಿಧಾನ.

ಅಲ್ಲಿ ಗಾಡಿ ಬದಲಾಯಿಸಿಕೊಂಡೆವು. ಅಣ್ಣನ ಗಾಡಿಯನ್ನು ನಾನು ಓಡಿಸಿದೆ. ಗಾಡಿ ಹಗುರ, ತಿರುವಿನಲ್ಲಿ ಚುರುಕು. ಚಾರ್ಜಿನ ಚಿಂತೆ ಇಲ್ಲ, ಯಾವ ದಾರಿ ಬೇಕಾದರೂ ಹಿಡಿಯಬಹುದು. ಆದರೆ ಓವರ್‌ಟೇಕ್ ಮಾಡುವಾಗ ಗೇರ್ ಇಳಿದು ಎಂಜಿನ್ ಏರುವ ಆ ಒಂದು ಕ್ಷಣದ ತಡ, ಆ ಸದ್ದು ಎರಡೂ ಗೊತ್ತಾಗುತ್ತಿತ್ತು. ಮೂರು ಗಂಟೆ ಕಳೆದ ಮೇಲೆ ಹೆಗಲು ಬಿಗಿಯಿತು. ಎಲೆಕ್ಟ್ರಿಕ್‌ನಲ್ಲಿ ಅಷ್ಟೇ ಹೊತ್ತು ಓಡಿಸಿದಾಗ ಹೀಗಾಗಿರಲಿಲ್ಲ.

ಮುಂದಿನ ತಿಂಗಳು ನಾಲ್ಕು ದಿನದ ರಜೆ ಇದೆ, ಎಲ್ಲರೂ ಹೊರಡುವ ರಜೆ. ಅದಕ್ಕೆ ಅಣ್ಣನ ಪೆಟ್ರೋಲ್ ಗಾಡಿ ಕೇಳಿಟ್ಟಿದ್ದೇನೆ. ಅವನಿಗೆ ಅದರ ಹಿಂದಿನ ವಾರ ಕೆಲಸದ ಮೇಲೆ ದೂರ ಹೋಗುವುದಿದೆ, ನನ್ನದನ್ನು ತೆಗೆದುಕೊಂಡು ಹೋಗುತ್ತಾನೆ. ಆ ಎರಡು ಗನ್ನಿನ ಸ್ಟೇಷನ್ ಯಾವುದು ಅಂತ ನಕ್ಷೆಯಲ್ಲಿ ಗುರುತು ಹಾಕಿ ಕೊಟ್ಟಿದ್ದೇನೆ.