ಗೊತ್ತಿಲ್ಲ ಎಂದು ಸಾಕ್ಷಿ ಹೇಳಿದ ಮೇಷ್ಟ್ರು

ನೆನಪಿನ ಸಂಚಿಕೆಗೆ ಯಾವ ಭಾಷೆಯಲ್ಲಿ ಬೇಕಾದರೂ ಬರೆಯಿರಿ ಎಂದು ವಿಭಾಗದವರು ಹೇಳಿದ್ದಾರೆ. ಹಾಗಾಗಿ ಕನ್ನಡದಲ್ಲೇ ಬರೆಯುತ್ತಿದ್ದೇನೆ. ಮೇಷ್ಟ್ರು ಇದ್ದಿದ್ದರೆ ಖಂಡಿತ ಖುಷಿಪಡುತ್ತಿದ್ದರು. ಹೊಸದಾಗಿ ಬಂದ ಯಾವ ವಿದ್ಯಾರ್ಥಿಯನ್ನಾದರೂ ಅವರು ಮೊದಲು ಕೇಳುತ್ತಿದ್ದದ್ದು, "ಮನೆಯಲ್ಲಿ ಯಾವ ಮಾತು?" ಎಂದು. ಕಳೆದ ಚಳಿಗಾಲದಲ್ಲಿ ಅವರು ತೀರಿಕೊಂಡರು. ಲಂಡನ್ನಿನಲ್ಲಿ ಅವರ ಕೈಕೆಳಗೆ ಓದಿದ ನಮಗೆಲ್ಲ ಒಬ್ಬರಿಂದ ಒಬ್ಬರಿಗೆ ಸುದ್ದಿ ತಲುಪಿತು.

ಅವರು ಮಾನವಶಾಸ್ತ್ರದವರು. ಚಿಕ್ಕ ವಯಸ್ಸಿನಲ್ಲಿ ಯಾಳ್ಪಾಣದ ಕಡೆ, ಅಂದರೆ ಜಾಫ್ನಾ ಸುತ್ತಿನ ಹಳ್ಳಿಗಳಲ್ಲಿ ಬಹಳ ಕಾಲ ಇದ್ದು ತಮಿಳು ಕಲಿತವರು. ಪಾಠದಲ್ಲಿ ಏನು ಹೇಳಿಕೊಟ್ಟರು ಎಂದು ಕೇಳಿದರೆ ಹೇಳಲು ನನ್ನಲ್ಲಿ ಜಾಸ್ತಿ ಏನಿಲ್ಲ. ರಕ್ತಸಂಬಂಧ, ಮದುವೆಯ ನಿಯಮ, ಒಂದಷ್ಟು ಸಿದ್ಧಾಂತಿಗಳ ಹೆಸರು. ಎಲ್ಲ ಪರೀಕ್ಷೆಯ ಜೊತೆಗೇ ಹೋಯಿತು. ಉಳಿದದ್ದು ಅವರ ಕೋಣೆಯ ಕಬ್ಬಿಣದ ಬೀರು. ಅದರೊಳಗೆ ವಕೀಲರು ಕಳಿಸಿದ ದಪ್ಪ ದಪ್ಪ ಕಡತಗಳು ಇರುತ್ತಿದ್ದವು. ಬೀಗ ಹಾಕದೆ ಅವರು ಎದ್ದು ಹೊರಗೆ ಹೋದದ್ದನ್ನು ನಾನು ನೋಡಿಲ್ಲ.

ಬ್ರಿಟನ್ನಿನಲ್ಲಿ ಆಶ್ರಯ ಕೇಳಿದವರ ಅರ್ಜಿಯನ್ನು ಮೊದಲು ನೋಡುವುದು ಹೋಮ್ ಆಫೀಸ್, ಅಂದರೆ ಅಲ್ಲಿನ ಗೃಹ ಇಲಾಖೆ. ಅದು ಬೇಡ ಎಂದರೆ ಟ್ರಿಬ್ಯೂನಲ್‌ಗೆ ಮೇಲ್ಮನವಿ. 1951ರ ನಿರಾಶ್ರಿತರ ಒಪ್ಪಂದ ಕೇಳುವುದು ಒಂದೇ ಪ್ರಶ್ನೆ. ಈ ಮನುಷ್ಯ ವಾಪಸು ಹೋದರೆ ಜನಾಂಗ, ಧರ್ಮ, ರಾಷ್ಟ್ರೀಯತೆ, ಯಾವುದೋ ಸಾಮಾಜಿಕ ಗುಂಪು ಅಥವಾ ರಾಜಕೀಯ ನಿಲುವಿನ ಕಾರಣಕ್ಕೆ ಕಿರುಕುಳಕ್ಕೆ ಸಿಕ್ಕಬಹುದು ಎಂಬ ಭಯಕ್ಕೆ ಆಧಾರ ಇದೆಯೇ? ಕೋರ್ಟಿನಲ್ಲಿ ಕೂತವರಲ್ಲಿ ಹೆಚ್ಚಿನವರು ಆ ದೇಶವನ್ನು ಕಂಡವರಲ್ಲ. ಅದಕ್ಕೇ ಆ ದೇಶವನ್ನು ವರ್ಷಗಟ್ಟಲೆ ಓದಿದವರ ವರದಿ ಬೇಕಾಗುತ್ತದೆ. ಇವರನ್ನೇ ಕಂಟ್ರಿ ಎಕ್ಸ್‌ಪರ್ಟ್ ಎನ್ನುವುದು. ನಮ್ಮ ಮೇಷ್ಟ್ರು ಶ್ರೀಲಂಕಾದ ತಮಿಳರ ಕೇಸುಗಳಿಗೆ ಬರೆಯುತ್ತಿದ್ದರು.

ಅವರು ಮತ್ತೆ ಮತ್ತೆ ಹೇಳುತ್ತಿದ್ದ ಕೇಸು ಒಂದಿತ್ತು. 1987ರ ಕೊನೆಯಲ್ಲಿ, ಆಗ ಅಲ್ಲಿನ ಅತಿ ಮೇಲಿನ ಕೋರ್ಟೂ ಆಗಿದ್ದ ಹೌಸ್ ಆಫ್ ಲಾರ್ಡ್ಸ್ ಕೆಲವು ತಮಿಳರ ವಿರುದ್ಧ ತೀರ್ಪು ಕೊಟ್ಟಿತು. 1988ರ ಫೆಬ್ರವರಿಯಲ್ಲಿ ಅವರಲ್ಲಿ ಐವರನ್ನು ಶ್ರೀಲಂಕಾಕ್ಕೆ ವಾಪಸು ಕಳಿಸಿದರು. ಹೋದ ಮೇಲೆ ಕೆಲವರು ಸೆರೆಸಿಕ್ಕಿ ಹಿಂಸೆ ಅನುಭವಿಸಿದರು. ಮರುವರ್ಷ ಮೇಲ್ಮನವಿ ಕೇಳಿದ ಅಧಿಕಾರಿ ಇವರಿಗೆ ಆಶ್ರಯ ಕೊಡಬೇಕಿತ್ತು ಎಂದರು. ಅವರನ್ನು ಮತ್ತೆ ಬ್ರಿಟನ್ನಿಗೆ ಕರೆಸಿಕೊಂಡದ್ದೂ ಆಯಿತು. ಇಷ್ಟಾದರೂ 1991ರಲ್ಲಿ ಸ್ಟ್ರಾಸ್‌ಬರ್ಗಿನ ಮಾನವ ಹಕ್ಕು ನ್ಯಾಯಾಲಯ, ಕಳಿಸಿದ ಹೊತ್ತಿನಲ್ಲಿ ಗೊತ್ತಿದ್ದ ಸಂಗತಿಗಳ ಪ್ರಕಾರ ಬ್ರಿಟನ್ ತಪ್ಪು ಮಾಡಿಲ್ಲ ಎಂದೇ ಹೇಳಿತು. "ಕಳಿಸಿದ ಹೊತ್ತಿನಲ್ಲಿ ಗೊತ್ತಿದ್ದದ್ದು" ಎಂಬ ಮಾತು ಬಂದಾಗಲೆಲ್ಲ ಮೇಷ್ಟ್ರು ಮೇಜಿನ ಮೇಲೆ ಬೆರಳಿನಿಂದ ತಟ್ಟುತ್ತಿದ್ದರು. ಗೊತ್ತು ಮಾಡಿಸುವುದು ಯಾರ ಕೆಲಸ? ನಮ್ಮದು, ಅಲ್ವಾ? ಅವರು ಈ ಕೆಲಸಕ್ಕೆ ಇಳಿದದ್ದು ಈ ಕೇಸನ್ನು ಓದಿದ ಮೇಲೆ.

ಈಗ ನಮ್ಮ ಕಿತಾಪತಿಯ ವಿಷಯಕ್ಕೆ ಬರುತ್ತೇನೆ. ಹಳೆಯ ಗೆಳೆಯರು ಸೇರಿದಾಗಲೆಲ್ಲ ಇದು ಬಾರದೆ ಇರುವುದಿಲ್ಲ.

ಮೇಷ್ಟ್ರಿಗೆ ನಿಜವಾಗಿ ಎಷ್ಟು ಗೊತ್ತು ಎಂದು ನೋಡಬೇಕು ಅಂತ ನಮ್ಮ ಗುಂಪಿಗೆ ಆಸೆಯಾಯಿತು. ಒಂದು ಸುಳ್ಳು ಹೇಳಿಕೆ ತಯಾರು ಮಾಡಿದೆವು. ಯಾಳ್ಪಾಣದ ಒಬ್ಬ ಹೆಂಗಸು. ಗಂಡನನ್ನು ಯಾರೋ ಎತ್ತಿಕೊಂಡು ಹೋಗಿದ್ದಾರೆ. 2006ರ ನವೆಂಬರ್‌ನಲ್ಲಿ ಈಕೆ ಯಾಳ್ಪಾಣದಿಂದ ದಕ್ಷಿಣಕ್ಕೆ ಬರುವ ಎ9 ರಸ್ತೆಯಲ್ಲಿ ಬಸ್ಸು ಹಿಡಿದು ವವುನಿಯಾಕ್ಕೆ ಬರುತ್ತಾಳೆ. ಓಮಂತೈ ತನಿಖಾ ಠಾಣೆಯಲ್ಲಿ ಇಳಿಸಿ ಚೀಲ ಜಾಲಾಡುತ್ತಾರೆ. ಅಲ್ಲಿಂದ ಕೊಲಂಬೋ, ಆಮೇಲೆ ಲಂಡನ್. ಓದಿದರೆ ಕಣ್ಣಲ್ಲಿ ನೀರು ಬರಬೇಕು, ಹಾಗೆ ಬರೆದೆವು. ಗುರುತಿನ ಚೀಟಿಯ ಸಂಖ್ಯೆಯ ಉಪಾಯ ನನ್ನದು. ಶ್ರೀಲಂಕಾದ ಹಳೆಯ ಚೀಟಿಯಲ್ಲಿ 9 ಅಂಕಿ, ಕೊನೆಗೊಂದು ಅಕ್ಷರ ಇರುತ್ತದೆ. ಮೊದಲ ಎರಡು ಅಂಕಿ ಹುಟ್ಟಿದ ವರ್ಷ. ಮುಂದಿನ ಮೂರು, ಹುಟ್ಟಿದ್ದು ವರ್ಷದ ಎಷ್ಟನೇ ದಿನ ಎಂಬುದು. ಹೆಂಗಸಾದರೆ ಆ ದಿನಕ್ಕೆ 500 ಸೇರಿಸುತ್ತಾರೆ. ನಾನು ಬೇಕೆಂದೇ ಸೇರಿಸಲಿಲ್ಲ. ಇಷ್ಟು ಸಣ್ಣ ಸಂಗತಿಯನ್ನು ಹುಡುಕಿ ತೆಗೆದದ್ದಕ್ಕೆ ಗೆಳೆಯರು ನನ್ನ ಬೆನ್ನು ತಟ್ಟಿದ್ದರು. ಹೇಳಿಕೆಯನ್ನು ವಕೀಲರ ಲಕೋಟೆಯ ಹಾಗೆ ಕಾಣುವ ಲಕೋಟೆಯಲ್ಲಿ ಹಾಕಿ ಅವರ ಟಪಾಲು ಗೂಡಿನಲ್ಲಿ ಇಟ್ಟು ಬಂದೆವು.

ಮುಂದಿನ ವಾರ ಮೇಷ್ಟ್ರು ಆ ಹಾಳೆಗಳನ್ನು ಹಿಡಿದೇ ತರಗತಿಗೆ ಬಂದರು. ಬಯ್ಯಲಿಲ್ಲ. ಅವರು ಅಂಚಿನಲ್ಲಿ ಪೆನ್ಸಿಲಿನಿಂದ ಬರೆದದ್ದನ್ನು ನನ್ನ ಕೈಯಲ್ಲೇ ಗಟ್ಟಿಯಾಗಿ ಓದಿಸಿದರು. ಓಮಂತೈ ತಪಾಸಣೆಯ ಪಕ್ಕದಲ್ಲಿ "ನನಗೆ ತಿಳಿದದ್ದಕ್ಕೆ ಹೊಂದುತ್ತದೆ" ಎಂದಿತ್ತು. ಬಸ್ಸಿನ ಪಕ್ಕದಲ್ಲಿ, "2006ರ ಆಗಸ್ಟ್‌ನಲ್ಲಿ ಮುಹಮಾಲೈ ಬಳಿ ದಾರಿ ಮುಚ್ಚಿತು. ನವೆಂಬರ್‌ನಲ್ಲಿ ಯಾಳ್ಪಾಣದಿಂದ ಹೊರಗೆ ಬರಲು ಇದ್ದದ್ದು ಹಡಗು, ವಿಮಾನ. ತಿಂಗಳು ತಪ್ಪಿದೆಯೇ? ಆಕೆಯನ್ನು ಮತ್ತೆ ಕೇಳಿ." ಸಂಖ್ಯೆಯ ಪಕ್ಕದಲ್ಲಿ, "ಇದು ಗಂಡಸಿನ ಸಂಖ್ಯೆ. ನಕಲು ಮಾಡುವಾಗ ತಪ್ಪಿರಬಹುದು. ಮೂಲ ಚೀಟಿ ನೋಡದೆ ಏನೂ ಹೇಳಲಾರೆ." ಕಡೆಯ ಹಾಳೆಯ ಕೆಳಗೆ, "ಈಕೆ ಹೇಳುವುದು ಸುಳ್ಳೋ ನಿಜವೋ ಎಂಬುದು ನನ್ನ ಕೆಲಸವಲ್ಲ. ಅದು ಜಡ್ಜ್ ಕೆಲಸ."

ಇದು ನಮ್ಮ ಕಿತಾಪತಿ ಎಂದು ಅವರಿಗೆ ಮೊದಲೇ ತಿಳಿದಿತ್ತು. ಲಕೋಟೆಯ ಮೇಲೆ ಕೇಸಿನ ನಂಬರೇ ಇರಲಿಲ್ಲವಂತೆ. ಆದರೂ ನಿಜವಾದ ಕೇಸಿಗೆ ಬರೆಯುವ ಹಾಗೇ ಬರೆದಿದ್ದರು. ಒಬ್ಬ ಹೆಂಗಸಿನ ತಿಂಗಳು ತಪ್ಪಿದರೆ ಅದಕ್ಕೆ ನೂರು ಕಾರಣ ಇರಬಹುದು, ನಾವು ಅನುಮಾನವನ್ನೂ ಬರೆಯಬೇಕು, ಕಾರಣವನ್ನೂ ಕೇಳಬೇಕು ಎಂದರು. ಆಮೇಲೆ "500ರ ವಿಷಯ ಯಾರು ಹುಡುಕಿದ್ದು?" ಎಂದು ಕೇಳಿದರು. ನಾನು ಕೈ ಎತ್ತಿದೆ. ಆವತ್ತಿನಿಂದ ಅವರು ಬರೆದ ಸಾರ್ವಜನಿಕ ಲೇಖನಗಳ ಅಡಿಟಿಪ್ಪಣಿಗಳನ್ನು ತಾಳೆ ನೋಡುವ ಕೆಲಸ ನನಗೆ ಬಂತು. ಆ ವರ್ಷ ಬೇರೆ ಯಾರಿಗೂ ಆ ಭಾಗ್ಯ ಸಿಗಲಿಲ್ಲ.

ರೋಸ್‌ಬೆರಿ ಅವೆನ್ಯೂದಲ್ಲಿ ಇಂಥ ಮೇಲ್ಮನವಿಗಳ ವಿಚಾರಣೆ ನಡೆಯುವ ಟೇಲರ್ ಹೌಸ್‌ಗೆ ಒಮ್ಮೆ ನಮ್ಮನ್ನು ಕರೆದುಕೊಂಡು ಹೋಗಿದ್ದರು. ವಿಚಾರಣೆಗಳು ಸಾಮಾನ್ಯವಾಗಿ ಬಹಿರಂಗವಾಗಿಯೇ ನಡೆಯುತ್ತವೆ. ಹಿಂದೆ ಕೂತು ನೋಡಬಹುದು. ಕಪ್ಪು ಗೌನು, ಬಿಳಿ ವಿಗ್ಗು ಏನೂ ಇಲ್ಲ. ಸಾದಾ ಕೋಣೆ. ಜಡ್ಜ್, ಎರಡೂ ಕಡೆಯವರು, ದುಭಾಷಿ, ಮೇಲ್ಮನವಿ ಹಾಕಿದ ಆ ಯುವಕ. ಪಾಟೀಸವಾಲು ಹಾಕುವುದು ಹೋಮ್ ಆಫೀಸಿನ ಅಧಿಕಾರಿ.

ಆವತ್ತು ಸಾಕ್ಷಿ ಮೇಷ್ಟ್ರು. ಅವರಿಗೆ ಆ ಅಧಿಕಾರಿ ಹಾಕಿದ ಮೊದಲ ಪ್ರಶ್ನೆಯೇ ಚುಚ್ಚುವಂತಿತ್ತು. "ನೀವು ಬರೆಯುವುದು ಯಾವಾಗಲೂ ಆಶ್ರಯ ಕೇಳುವವರ ಪರವೇ ಅಲ್ವಾ?" ಮೇಷ್ಟ್ರು ಸಾವಧಾನವಾಗಿ ಉತ್ತರ ಕೊಟ್ಟರು. ನನ್ನ ಹತ್ತಿರ ಬರುವುದು ಆ ಕಡೆಯ ವಕೀಲರೇ. ನನ್ನ ಅಭಿಪ್ರಾಯದಿಂದ ಅವರಿಗೆ ಉಪಯೋಗವಿಲ್ಲದಿದ್ದರೆ ವರದಿ ಇಲ್ಲಿಗೆ ಬರುವುದೇ ಇಲ್ಲ. ಅಂಥವೂ ಇವೆ. ನೀವು ನೋಡಿಲ್ಲ ಅಷ್ಟೆ.

ಆಮೇಲೆ ಒಂದು ಸೇನಾ ಶಿಬಿರದ ಪ್ರಶ್ನೆ ಬಂತು. 2008ರಲ್ಲಿ ಆ ಊರಿನ ಶಿಬಿರದ ಒಳಗೆ ಯುವಕ ಹೇಳುವಂಥ ಕಟ್ಟಡ ಇತ್ತೇ? ಇತ್ತು ಎಂದಿದ್ದರೆ ಯುವಕನಿಗೆ ಎಷ್ಟೋ ಅನುಕೂಲ. ಅಲ್ಲಗಳೆಯುವವರೂ ಅಲ್ಲಿ ಯಾರೂ ಇರಲಿಲ್ಲ. ಮೇಷ್ಟ್ರು, "ನನಗೆ ಗೊತ್ತಿಲ್ಲ. ಯುದ್ಧ ಮತ್ತೆ ಶುರುವಾದ ಮೇಲೆ ನಾನು ಅಲ್ಲಿಗೆ ಹೋಗಿಲ್ಲ" ಎಂದರು. ನನ್ನ ಪಕ್ಕ ಕೂತಿದ್ದ ಗೆಳತಿ ಕೇಸು ಹೋಯಿತು ಎಂದು ತಲೆ ತಗ್ಗಿಸಿದಳು.

ಹೋಗಲಿಲ್ಲ. ಮೇಲ್ಮನವಿ ಗೆದ್ದಿತು. ಈ ಸಾಕ್ಷಿ ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನುತ್ತಾರೆ, ಹಾಗಾಗಿ ಗೊತ್ತಿದೆ ಎಂದದ್ದನ್ನು ನಂಬಬಹುದು ಎಂಬರ್ಥದಲ್ಲಿ ಜಡ್ಜ್ ಬರೆದಿದ್ದರು. ಮೇಷ್ಟ್ರಿಗೆ ಆ ಗೆಲುವಿನ ಬಗ್ಗೆ ಮಾತಾಡುವುದು ಇಷ್ಟವಿರಲಿಲ್ಲ. ಸೋತಿದ್ದರೂ ಅದೇ ಉತ್ತರ ಕೊಡುತ್ತಿದ್ದೆ ಎಂದು ವಿಷಯ ಬದಲಿಸಿದರು.

ಸಾಕ್ಷಿ ಹೇಗಿರಬೇಕು ಎಂಬ ಈ ನಿಯಮಗಳನ್ನು ಇಂಗ್ಲೆಂಡಿನಲ್ಲಿ ಸ್ಪಷ್ಟವಾಗಿ ಬರೆದಿಟ್ಟದ್ದು 1993ರಲ್ಲಿ, ಬೆಂಕಿ ಬಿದ್ದ ಒಂದು ಹಡಗಿನ ವಿಮೆ ಕೇಸಿನಲ್ಲಿ. ಹಡಗಿನ ಹೆಸರು ಇಕೇರಿಯನ್ ರೀಫರ್. ಹಣ ಕೊಟ್ಟವರು ಯಾರೇ ಆಗಲಿ, ತಜ್ಞರ ಕರ್ತವ್ಯ ಕೋರ್ಟಿಗೆ. ತಮ್ಮ ಅಭಿಪ್ರಾಯಕ್ಕೆ ವಿರುದ್ಧವಾದ ಸಂಗತಿಯನ್ನೂ ಮುಚ್ಚಿಡಬಾರದು. ತಮ್ಮ ವಿಷಯದ ಹೊರಗಿನ ಪ್ರಶ್ನೆ ಬಂದರೆ ಹಾಗೆಂದು ಹೇಳಬೇಕು. ವಲಸೆ ಟ್ರಿಬ್ಯೂನಲ್ ಕೂಡ ಇದನ್ನೇ ಪಾಲಿಸುತ್ತದೆ. ಮೇಷ್ಟ್ರು ಈ ಹಡಗಿನ ಚಿತ್ರವನ್ನು ಬೋರ್ಡಿನ ಮೇಲೆ ಬರೆಯುತ್ತಿದ್ದರು. ಹಡಗಿನ ಹಾಗೆ ಕಾಣುತ್ತಿರಲಿಲ್ಲ.

ನಮಗೆ ಇನ್ನೊಬ್ಬರು ಮೇಡಂ ಇದ್ದರು. ಅವರದು ಧ್ವನಿಶಾಸ್ತ್ರ. ಆಶ್ರಯ ಕೇಳುವವರ ಮಾತನ್ನು ರೆಕಾರ್ಡ್ ಮಾಡಿ, ಇವರು ನಿಜಕ್ಕೂ ಆ ಊರಿನವರೇ ಎಂದು ಪರೀಕ್ಷಿಸುವ ಪದ್ಧತಿ ಇದೆ. ಮೇಡಂ ಕಿವಿಗೆ ಹೆಡ್‌ಫೋನ್ ಹಾಕಿ ಕಣ್ಣು ಮುಚ್ಚಿ ಕೂತರೆ ಗಂಟೆಗಟ್ಟಲೆ ಏಳುತ್ತಿರಲಿಲ್ಲ. ಮಾತಿನಿಂದ ಒಬ್ಬ ಮನುಷ್ಯ ಎಲ್ಲಿ ಬೆಳೆದ ಎಂದು ಒಂದಷ್ಟು ಹೇಳಬಹುದು, ಪಾಸ್‌ಪೋರ್ಟ್ ಯಾವುದು ಎಂದು ಹೇಳಲಾಗದು ಎನ್ನುವುದು ಅವರ ಹಟ. 2004ರಲ್ಲಿ ಭಾಷಾವಿಜ್ಞಾನಿಗಳ ಗುಂಪೊಂದು ಸೇರಿ ಮಾಡಿದ ಮಾರ್ಗಸೂಚಿಯಲ್ಲೂ ಇದೇ ಇದೆ. 2014ರಲ್ಲಿ ಬ್ರಿಟನ್ನಿನ ಸುಪ್ರೀಂ ಕೋರ್ಟ್ ಸೊಮಾಲಿಯಾದ ಎರಡು ಕೇಸುಗಳಲ್ಲಿ, ಭಾಷೆ ಪರೀಕ್ಷಿಸುವ ಸಂಸ್ಥೆಯೊಂದರ ವರದಿ ತನ್ನ ಪರಿಣತಿಯ ಗೆರೆ ದಾಟಿದೆ ಎಂದು ತಪ್ಪು ತೋರಿಸಿತು. ಆ ದಿನ ಮೇಡಂ ವಿಭಾಗದ ಎಲ್ಲರಿಗೂ ತೀರ್ಪಿನ ಪ್ರತಿ ಹಂಚಿದರಂತೆ.

ಈಗಿನ ಕಾಲದ ಬಗ್ಗೆ ಒಂದು ಮಾತು ಹೇಳಲೇಬೇಕು. ಅಧ್ಯಾಪಕರ ಬಡ್ತಿಗೆ ಲೆಕ್ಕಕ್ಕೆ ಬರುವುದು ಅಚ್ಚಾದ ಪ್ರಬಂಧಗಳು. ಆಶ್ರಯದ ಕೇಸಿನ ವರದಿ ಗುಟ್ಟಿನದು, ಅಚ್ಚು ಹಾಕುವಂತಿಲ್ಲ. ರಾತ್ರಿ ಕೂತು ಬರೆದ ಅರವತ್ತು ಪುಟ ಅವರ ಹೆಸರಿನ ಮುಂದೆ ಎಲ್ಲೂ ಕಾಣಿಸುವುದಿಲ್ಲ. ಹೀಗಿದ್ದರೆ ಹೊಸಬರು ಯಾಕೆ ಬರುತ್ತಾರೆ? ಇತ್ತ ವಿದ್ಯಾರ್ಥಿಗಳು ಹೋಮ್ ಆಫೀಸಿನದೇ ದೇಶ ಮಾಹಿತಿ ಟಿಪ್ಪಣಿಗಳನ್ನು ಓದಿ, ಅದನ್ನೇ ತಿರುಗಿಸಿ ಬರೆಯುತ್ತಾರೆ. ಊರಿಗೆ ಹೋಗಿ ಇದ್ದು ಬರಲು ಸಮಯ ಇಲ್ಲ, ಹಣ ಇಲ್ಲ. ಭಾಷೆ ಕಲಿಯಲು ಅಂತೂ ಯಾರಿಗೂ ಪುರುಸೊತ್ತಿಲ್ಲ. ಕೆಲಸವೋ ಇನ್ನೂ ಕಷ್ಟವಾಗಿದೆ. ಕೋರ್ಟುಗಳು ಆಶ್ರಯದ ಕೇಸಿನಲ್ಲಿ ಸಾಕ್ಷ್ಯದ ಅಳತೆಯನ್ನು ಕೆಳಗೇ ಇಟ್ಟಿದ್ದವು, ತಪ್ಪಿದರೆ ಹೋಗುವುದು ಜೀವ ಎಂದು. 2022ರ ಕಾನೂನು ಅದನ್ನು ಎರಡು ಹಂತ ಮಾಡಿ ಮೊದಲ ಹಂತದ ಅಳತೆಯನ್ನು ಮೇಲಕ್ಕೇರಿಸಿದೆ. ಬಸ್ಸಿನ ತಿಂಗಳು ತಪ್ಪಿದವರಿಗೆ ಈಗ ಮೊದಲಿಗಿಂತ ಜಾಸ್ತಿ ಭಯ. ಯಾಕೆ ತಪ್ಪಿತು ಎಂದು ಕೇಳುವ ತಜ್ಞರು ಈಗಲೇ ಜಾಸ್ತಿ ಬೇಕು.

ನಾನೂ ಈಗ ಇಂಥ ವರದಿ ಬರೆಯುತ್ತೇನೆ. ನನ್ನ ವರದಿಗೆ ತೂಕ ಕೊಡಬೇಕು ಎಂದು ಇತ್ತೀಚೆಗೆ ಒಬ್ಬ ಜಡ್ಜ್ ಬರೆದಾಗ ಮೇಷ್ಟ್ರಿಗೆ ಫೋನ್ ಮಾಡಿ ಓದಿ ಹೇಳಿದ್ದೆ. ಅವರಿಗೆ ಆಗಲೇ ಆರೋಗ್ಯ ಸರಿ ಇರಲಿಲ್ಲ. ಪೂರ್ತಿ ಕೇಳಿ, "ಎಷ್ಟು ಕಡೆ ಗೊತ್ತಿಲ್ಲ ಎಂದು ಬರೆದಿದ್ದೀಯ?" ಎಂದರು. ನಾಲ್ಕು ಕಡೆ ಎಂದೆ. ಕಡಿಮೆಯಾಯಿತು ಎಂದರು.

ಅವರ ಹೆಸರಿನಲ್ಲಿ ವಿಭಾಗದಲ್ಲಿ ಒಂದು ಫಲಕ ಹಾಕಿಸೋಣ ಎಂಬ ಮಾತು ಹಳೆಯ ವಿದ್ಯಾರ್ಥಿಗಳಲ್ಲಿ ನಡೆಯುತ್ತಿದೆ. ನನಗೆ ಅದು ಬೇಡ ಅನ್ನಿಸುತ್ತದೆ. ಆ ಹಣದಲ್ಲಿ ಪ್ರತಿ ವರ್ಷ ಒಬ್ಬ ವಿದ್ಯಾರ್ಥಿಯನ್ನು ಒಂದು ಊರಿಗೆ ಕಳಿಸೋಣ. ಅಲ್ಲಿದ್ದು ಭಾಷೆ ಕಲಿತು ಬರಲಿ. ಪ್ರಬಂಧ ಆಮೇಲೆ ಬರೆಯಲಿ. ನನ್ನ ಪಾಲಿನ ಹಣ ಕಳಿಸಿದ್ದೇನೆ, ಉಳಿದವರೂ ಬೇಗ ಕಳಿಸಿ. ಮುಂದಿನ ಬೇಸಿಗೆಯಲ್ಲೇ ಮೊದಲನೆಯವರು ಹೊರಡಬೇಕು.