ಕೂಲಿ ಲೋಚ್ ಕೂಲಿ ಮಾಡೋದಿಲ್ಲ, ಸ್ವಾಮಿ

ಪ್ರಶ್ನೆ ಇದು: “ನಮ್ಮನೇಲಿ ಮೀನಿನ ಸಣ್ಣ ಟ್ಯಾಂಕ್ ಐತ್ರಿ. ತಳ ಕ್ಲೀನ್ ಮಾಡೋಕೆ ಯಾವ ಲೋಚ್ ಹಾಕ್ಲಿ?” ಲೋಚ್ ಅಂದರೆ ನೀರಿನ ತಳದಲ್ಲಿ ಓಡಾಡೋ, ಬಾಯಿ ಸುತ್ತ ಮೀಸೆ ಇರೋ ಮೀನುಗಳ ಒಂದು ಗುಂಪು.

ಮಿರ್ಚಿ ಮಂಡಕ್ಕಿ ಅಂಗಡಿ ಮುಂದೆ ಕೇಳ್ತಾರೆ, ಮದುವೆ ಪಂಕ್ತಿಯಲ್ಲಿ ಕೇಳ್ತಾರೆ. ಹೋದ ತಿಂಗಳು ಒಬ್ಬರು ತಿಥಿ ಮನೆಯಲ್ಲಿ, ಎಡೆ ಇಡೋ ಹೊತ್ತಲ್ಲಿ ನನ್ನ ಕಿವಿ ಹತ್ತಿರ ಬಗ್ಗಿ ಕೇಳಿದರು. ಹೇಳಿ ಹೇಳಿ ಬಾಯಿ ನೋವು ಬಂದಿದೆ. ಇನ್ನು ಮೇಲೆ ಯಾರು ಕೇಳಿದರೂ ಇದನ್ನೇ ಕಳಿಸಿ ಸುಮ್ಮನಾಗ್ತೀನಿ.

ಉತ್ತರ ಮೊದಲೇ ಹೇಳಿಬಿಡ್ತೀನಿ. ಒಂದು ಅಡಿ ಟ್ಯಾಂಕಾದರೆ ಯಾವ ಲೋಚೂ ಬೇಡ. ಎರಡು ಅಡಿಯದಾದರೆ ಕೂಲಿ ಲೋಚ್, ಆರು, ಕೆಳಗೆ ನುಣ್ಣನೆ ಮರಳು. ಮುಗೀತು, ಅವಸರ ಇದ್ದವರು ಇಲ್ಲಿಂದಲೇ ಎದ್ದು ಹೋಗಬಹುದು. ಯಾರೂ ಏಳೋದಿಲ್ಲ ಅಂತ ಗೊತ್ತು. ಯಾಕೆಂದರೆ ಕೇಳುವವರ ಟ್ಯಾಂಕು ಒಂದು ಅಡಿಯದೇ ಆಗಿರುತ್ತೆ, ಅದರಲ್ಲಿ ಆಗಲೇ ಮೂರು ಲೋಚ್ ಬಿದ್ದಿರುತ್ತವೆ. ಅವರಿಗೆ ಬೇಕಾಗಿರೋದು ನನ್ನ ಕೈಯಿಂದ ಒಂದು ಸರ್ಟಿಫಿಕೇಟು.

ಸಿಟ್ಟು ಬರೋದು ಆ ‘ಕ್ಲೀನ್’ ಅನ್ನೋ ಮಾತಿಗೆ. ಎರಡು ವರ್ಷದ ಹಿಂದೆ ನಮ್ಮ ದಾವಣಗೆರೆಯ ನಿಜಲಿಂಗಪ್ಪ ಬಡಾವಣೆಯಲ್ಲಿ ನಮ್ಮ ಭಾವನ ಮನೆ ಗೃಹಪ್ರವೇಶ. ಎಲೆ ಮುಂದೆ ಕೂತಿದ್ದೆ, ಹೋಳಿಗೆಗೆ ಇನ್ನೂ ತುಪ್ಪ ಬಿದ್ದಿರಲಿಲ್ಲ. “ಮೀನಿನವನು ಬಂದಾನೆ, ಕರೀರಿ” ಅಂತ ಎಬ್ಬಿಸಿಕೊಂಡು ಹೋದರು. ಟಿವಿ ಪಕ್ಕ ಒಂದು ಅಡಿಯ ಗಾಜಿನ ಪೆಟ್ಟಿಗೆ, ಯಾರೋ ಉಡುಗೊರೆ ಕೊಟ್ಟದ್ದು. ನೀಲಿ ಬಣ್ಣದ ಕಲ್ಲು, ಬಾಯಿ ತೆರೆದು ಗುಳ್ಳೆ ಬಿಡೋ ಪ್ಲಾಸ್ಟಿಕ್ ಮೊಸಳೆ, ಎರಡು ಗೋಲ್ಡ್ ಫಿಶ್, ಗಾಜಿಗೆ ಬಾಯಿ ಅಂಟಿಸಿಕೊಳ್ಳೋ ಒಂದು ಸಕ್ಕರ್ ಮೀನು, ಮೂಲೆಯಲ್ಲಿ ಒಂದರ ಮೇಲೊಂದು ಬಿದ್ದುಕೊಂಡ ಮೂರು ಯೋಯೋ ಲೋಚ್. ಮರಿಯಾಗಿದ್ದಾಗ ಇದರ ಮೈಮೇಲಿನ ಪಟ್ಟೆ ಇಂಗ್ಲಿಷಿನ ವೈ, ಓ, ವೈ, ಓ ಅಂತ ಬರೆದ ಹಾಗೆ ಕಾಣುತ್ತೆ, ಅದಕ್ಕೇ ಆ ಹೆಸರು. ಗಂಗಾ ಸೀಮೆಯ ಮೀನು. ಐದು ಇಂಚಿನವರೆಗೆ ಬೆಳೆಯುತ್ತೆ, ಜೊತೆಗೆ ತನ್ನವರು ನಾಲ್ಕೈದು ಜನ ಇಲ್ಲದಿದ್ದರೆ ಬೇರೆ ಮೀನುಗಳ ರೆಕ್ಕೆಗೆ ಬಾಯಿ ಹಾಕುತ್ತೆ.

“ತಳದಾಗಿನ ಹೊಲಸೆಲ್ಲಾ ತಿಂದು ಕ್ಲೀನ್ ಮಾಡ್ತಾವಂತೆ. ಹೌದೇನಪ್ಪಾ?” ಅಂದರು ಭಾವ, ಇಪ್ಪತ್ತು ಜನರ ಮುಂದೆ.

“ತಿಂದಿದ್ದನ್ನ ಎಲ್ಲಿ ಬಿಡ್ತಾವೆ ಅಂತ ಮಾಡೀರಿ ಭಾವ? ಹೊರಗಡೆ ಹೋಗಿ ಬರ್ತಾವಾ?”

ಎಲ್ಲರೂ ನಕ್ಕರು. ಭಾವ ನಗಲಿಲ್ಲ. ಅವತ್ತಿನಿಂದ ನನ್ನ ಜೊತೆ ಮಳೆ ಬೆಳೆ ಬಿಟ್ಟು ಬೇರೆ ಮಾತಿಲ್ಲ. ನಾನು ವಾಪಸ್ ಬರೋ ಹೊತ್ತಿಗೆ ನನ್ನ ಎಲೆಯನ್ನೂ ಎತ್ತಿಬಿಟ್ಟಿದ್ದರು.

ತಪ್ಪು ಹೇಳಿದೆನಾ? ಇಂಥ ಲೋಚ್‌ಗಳು ಪಾಚಿ ತಿಂದು ತೆಗೆಯೋದಿಲ್ಲ. ಬೇರೆ ಮೀನಿನ ಹಿಕ್ಕೆಯನ್ನಂತೂ ತಿನ್ನೋದೇ ಇಲ್ಲ. ತಳಕ್ಕೆ ಬಿದ್ದ ಕಾಳನ್ನು ಹೆಕ್ಕುತ್ತೆ, ಯೋಯೋ ಜಾತಿಯವು ಬಸವನಹುಳುವನ್ನು ಚಿಪ್ಪಿನಿಂದ ಎಳೆದು ತಿನ್ನುತ್ತವೆ, ಅಷ್ಟೇ. ಮೇಲಿನವು ತಿಂದು ಬಿಟ್ಟ ಎಂಜಲಲ್ಲಿ ಅವುಗಳ ಹೊಟ್ಟೆ ತುಂಬೋದಿಲ್ಲ, ಮುಳುಗೋ ಕಾಳನ್ನು ಬೇರೆ ಹಾಕಬೇಕು. ಟ್ಯಾಂಕ್ ಕ್ಲೀನ್ ಮಾಡೋದು ವಾರಕ್ಕೊಂದು ಸಲ ಪೈಪ್ ಹಿಡಿದು ಕಾಲುಭಾಗ ನೀರು ತೆಗೆಯೋ ನಿಮ್ಮ ಕೈ. ಅದಕ್ಕೆ ಬೇಜಾರಾಗಿ ಸಂಬಳವಿಲ್ಲದ ಆಳು ಹುಡುಕ್ತಿದೀರಿ. ಆ ಸಕ್ಕರ್ ಬಗ್ಗೆ ಕೇಳಲೇಬೇಡಿ, ಅದು ಟ್ಯಾಂಕಿಗಿಂತ ಉದ್ದ ಬೆಳೆಯುತ್ತೆ.

ಇಷ್ಟೆಲ್ಲಾ ಮಾತಾಡೋ ನಾನು ದೊಡ್ಡ ಪಂಡಿತನೇನಲ್ಲ. ಹತ್ತು ಹನ್ನೆರಡು ವರ್ಷದ ಹಿಂದೆ ಎರಡು ಅಡಿ ಟ್ಯಾಂಕಿಗೆ ನಾಲ್ಕು ಕ್ಲೌನ್ ಲೋಚ್ ತಂದವನು ನಾನೇ. ಕಿತ್ತಳೆ ಮೈ, ಮೂರು ಕಪ್ಪು ಪಟ್ಟೆ, ಒಂದೂವರೆ ಇಂಚಿನ ಮರಿ. ಯಾರಿಗೆ ಆಸೆ ಆಗಲ್ಲ? ಸುಮಾತ್ರಾ, ಬೋರ್ನಿಯೋದ ನದಿ ಮೀನು ಅದು, ಒಂದಡಿ ಹತ್ತಿರ ಬೆಳೆದು ಇಪ್ಪತ್ತು ವರ್ಷ ದಾಟಿ ಬದುಕಬಲ್ಲದು ಅಂತ ತಂದಮೇಲೆ ಓದಿಕೊಂಡೆ. ಒಂದು ಮಧ್ಯಾಹ್ನ ನೋಡಿದರೆ ಒಂದು ಪಕ್ಕಕ್ಕೆ ಹೊರಳಿ ಕಲ್ಲ ಮೇಲೆ ಬಿದ್ದಿದೆ. “ಹೋತು ಬಿಡು, ದಾಸವಾಳದ ಬುಡಕ್ಕೆ ಹಾಕು” ಅಂದಳು ಅಮ್ಮ. ಬಲೆ ಇಳಿಸಿದ್ದೇ ತಡ, ಸತ್ತಿದ್ದು ಚಂಗನೆ ಎದ್ದಿತು. ಈ ಮೀನು ಮಲಗೋದೇ ಹಾಗೆ. ಇದರ ಕಣ್ಣಿನ ಕೆಳಗೆ ಮಡಚಿಟ್ಟ ಮುಳ್ಳೊಂದಿರುತ್ತೆ, ಹೆದರಿದಾಗ ಚಾಕುವಿನ ಹಾಗೆ ಬಿಚ್ಚಿಕೊಳ್ಳುತ್ತೆ. ಅದು ಬಲೆಗೆ ಸಿಕ್ಕಿಕೊಂಡಿತು. ಅಮ್ಮ ಬಟ್ಟಲು ಹಿಡಿದು, ನಾನು ಉಗುರು ಕತ್ತರಿಯಲ್ಲಿ ಬಲೆಯ ದಾರ ಒಂದೊಂದೇ ಕತ್ತರಿಸಿ ಬಿಡಿಸಿದ್ದಾಯ್ತು.

ಅಷ್ಟು ಕಷ್ಟಪಟ್ಟು ಉಳಿಸಿದ್ದನ್ನು ಮುಂದಿನ ತಿಂಗಳು ನಾನೇ ಕೊಂದೆ. ಮೈಮೇಲೆ ರವೆ ಉದುರಿಸಿದ ಹಾಗೆ ಬಿಳಿ ಚುಕ್ಕೆ ಎದ್ದವು. ಮೀನು ಕೊಟ್ಟ ಅಂಗಡಿಯವನಿಗೆ ಫೋನ್ ಮಾಡಿದೆ. “ಒಂದು ಹಿಡಿ ಕಲ್ಲುಪ್ಪು ಹಾಕ್ರಿ, ನೀಲಿ ಔಷಧಿ ಫುಲ್ ಡೋಸ್ ಬಿಡ್ರಿ” ಅಂದ. ಲೋಚ್‌ಗಳ ಹುರುಪೆ ಚರ್ಮದೊಳಗೆ ಹುದುಗಿರೋ ಸಣ್ಣ ಸಣ್ಣ ಚೂರು, ಹೆಸರಿಗಷ್ಟೇ ಹುರುಪೆ. ಬೇರೆ ಮೀನು ತಡೆಯೋ ಔಷಧಿ ಇವಕ್ಕೆ ತಡೆಯಲ್ಲ, ಅರ್ಧ ಡೋಸಿನಿಂದ ಶುರು ಮಾಡಬೇಕು. ಎರಡು ದಿನದಲ್ಲಿ ಮೂರು ಹೋದವು, ಈ ಸಲ ನಿಜವಾಗಿ. ಉಳಿದ ಒಂದನ್ನು ಆರು ಅಡಿ ಟ್ಯಾಂಕ್ ಇದ್ದವರಿಗೆ ಕೊಟ್ಟೆ. ಬಹಳ ದಿನ ಅಂಗಡಿಯವನನ್ನು ಬೈಕೊಂಡು ತಿರುಗಿದೆ. ಬಾಟಲಿ ಮೇಲಿನ ಅಕ್ಷರ ಓದೋ ಕಣ್ಣು ನನಗೂ ಇತ್ತಲ್ಲ.

ಹಾಗಾಗಿ ಕೂಲಿ ಲೋಚ್. ಇದರ ಹೆಸರೇ ಒಂದು ಗ್ರಹಚಾರ. “ಕೂಲಿನಾ? ಹಂಗಾದ್ರೆ ಕೆಲಸ ಚಲೋ ಮಾಡ್ತೈತಿ ಬಿಡ್ರಿ” ಅಂದವರು ಒಬ್ಬಿಬ್ಬರಲ್ಲ. ಅದು ನಮ್ಮ ಕೂಲಿ ಅಲ್ಲ ಸ್ವಾಮಿ. ಹೈನ್ರಿಖ್ ಕೂಲ್ ಅಂತ ಒಬ್ಬ ಜರ್ಮನ್, ಪ್ರಾಣಿಗಳನ್ನು ಅಧ್ಯಯನ ಮಾಡೋಕೆ ಜಾವಾಕ್ಕೆ ಹೋಗಿ 1821ರಲ್ಲಿ, ಇನ್ನೂ 24 ತುಂಬುವ ಮೊದಲೇ, ಅಲ್ಲೇ ತೀರಿಕೊಂಡ. 1846ರಲ್ಲಿ ಈ ಮೀನಿಗೆ ಅವನ ಹೆಸರಿಟ್ಟರು. ಹಳದಿ ಮೈ, ಕಂದು ಪಟ್ಟೆ, ಪೆನ್ಸಿಲ್‌ಗಿಂತ ತೆಳು, ಮೂರರಿಂದ ನಾಲ್ಕು ಇಂಚು. ಯಾರ ತಂಟೆಗೂ ಹೋಗೋದಿಲ್ಲ. ತಂದವರ ದೂರು ಒಂದೇ, “ಹಗಲಲ್ಲಿ ಕಾಣೋದೇ ಇಲ್ಲ.”

ನಮ್ಮಜ್ಜ ಇಲ್ಲಿಯ ಕಾಟನ್ ಮಿಲ್ಲಲ್ಲಿ ರಾತ್ರಿ ಪಾಳಿ ಮಾಡ್ತಿದ್ದರು. ಹಗಲು ನಡುಮನೆಯಲ್ಲಿ ಕಣ್ಣಿಗೆ ಒದ್ದೆ ಟವೆಲ್ ಹಾಕಿಕೊಂಡು ಮಲಗೋರು. ಬಂದ ನೆಂಟರೆಲ್ಲ “ಯಾವಾಗ ಬಂದ್ರೂ ಯಜಮಾನ್ರು ಮಲಗೇ ಇರ್ತಾರಲ್ಲ” ಅಂತ ಅಜ್ಜಿಗೆ ಹೇಳಿ ಹೋಗೋರು. ಅಜ್ಜಿ ಅವರಿಗೆ ಏನು ಹೇಳ್ತಿದ್ದಳೋ ಅದನ್ನೇ ನಾನೂ ಹೇಳ್ತೀನಿ: ರಾತ್ರಿ ಬನ್ನಿ.

ಮರಳಿನ ವಿಚಾರಕ್ಕೆ ಬರೋಣ, ಜನ ಎಡವೋದು ಇಲ್ಲೇ. ಕೂಲಿ ಲೋಚ್ ಮರಳಲ್ಲಿ ಹೂತುಕೊಂಡು, ಅದನ್ನೇ ಬಾಯಲ್ಲಿ ತುಂಬಿಕೊಂಡು, ತಿನ್ನೋದನ್ನು ಸೋಸಿ ಉಳಿದದ್ದನ್ನು ಕಿವಿರಿನಿಂದ ಬಿಡುತ್ತೆ. ನೀಲಿ ಕಲ್ಲಲ್ಲಿ ಈ ಕೆಲಸ ಆಗೋದಿಲ್ಲ. ಎಂ ಸ್ಯಾಂಡ್‌ನ ಮೂಲೆಗಳು ಚೂಪು, ಬಾಯಿ ಸುತ್ತಲಿನ ಮೀಸೆ ಸವೆದು ಹೋಗುತ್ತೆ. ಹಿಂದಿನ ಬೀದಿಯಲ್ಲಿ ಮನೆ ಕಟ್ಟುವಾಗ ಉಳಿದ ಹರಿಹರದ ಹೊಳೆ ಮರಳನ್ನು ಎರಡು ಬಕೆಟ್ ಕೇಳಿ ತಂದೆ. ಹಿಟ್ಟಿನ ಜರಡಿಯಲ್ಲಿ ಜರಡಿ ಹಿಡಿದು, ಅಕ್ಕಿ ತೊಳೆದ ಹಾಗೆ ಹದಿನಾಲ್ಕು ಸಲ ತೊಳೆದ ಮೇಲೆ ನೀರು ತಿಳಿಯಾಯ್ತು. ಆ ಜರಡಿಯ ಬಗ್ಗೆ ಮನೆಯಲ್ಲಿ ನಡೆದ ಮಾತುಕತೆ ಇಲ್ಲಿ ಬೇಡ. ಈಗ ನನ್ನ ಹತ್ತಿರ ನನ್ನದೇ ಜರಡಿ ಇದೆ.

ನೀರು: ನಮ್ಮ ಬೋರಿನ ನೀರು ಬಕೆಟ್ ಅಂಚಿಗೆ ಬಿಳಿ ಪಟ್ಟಿ ಕಟ್ಟುತ್ತೆ. ಮೆದು ನೀರಿನ ಮೀನಿಗೆ ಅದು ಬೇಡ ಅಂತ ನಲ್ಲಿ ನೀರನ್ನೇ ಒಂದು ದಿನ ತೆರೆದಿಟ್ಟು ಕ್ಲೋರಿನ್ ಹೋದಮೇಲೆ ಬಳಸ್ತೀನಿ. ಹೊಸ ಟ್ಯಾಂಕಿಗೆ ಮೊದಲ ದಿನವೇ ಲೋಚ್ ಬಿಡಬೇಡಿ, ಫಿಲ್ಟರ್‌ನಲ್ಲಿ ಒಳ್ಳೆ ಬ್ಯಾಕ್ಟೀರಿಯಾ ಕೂರೋಕೆ ತಿಂಗಳಾದರೂ ಬೇಕು. ಮೇಲೆ ಮುಚ್ಚಳ ಇರಲಿ, ಹಾರ್ತವೆ. ಫಿಲ್ಟರ್ ಬಾಯಿಗೆ ಸ್ಪಂಜು ಕಟ್ಟಿ, ಒಳಗೆ ಹೋಗ್ತವೆ.

“ಬಂಡೆಗೆ ಅಂಟಿಕೊಳ್ತಾವಲ್ಲ, ಆ ಬೆಟ್ಟದ ತೊರೆ ಲೋಚ್?” ಅಂತಾರೆ. ಅದಕ್ಕೆ ತಣ್ಣಗಿನ, ರಭಸದ ನೀರು ಬೇಕು. ನಮ್ಮೂರಿನ ಏಪ್ರಿಲ್‌ನಲ್ಲಿ ಮೀನು ಸಾರಾಗಿಬಿಡುತ್ತೆ. “ಮಳೆ ಬರೋದು ಮುಂಚೆನೇ ಹೇಳುತ್ತಂತಲ್ಲ?” ವೆದರ್ ಲೋಚ್, ನಿಜ, ಗಾಳಿಯ ಒತ್ತಡ ಇಳಿದಾಗ ಚಡಪಡಿಸುತ್ತೆ. ಎಂಟು ಇಂಚಿನ ಮೀನು, ಅದಕ್ಕೂ ತಂಪೇ ಬೇಕು. ಮಳೆಗೆ ನಮ್ಮಜ್ಜಿಯ ಮೊಣಕಾಲು ಸಾಕಾಗಿತ್ತು.

ಮೂರು ಅಡಿ ಇದ್ದವರಿಗೆ ಡ್ವಾರ್ಫ್ ಚೈನ್ ಲೋಚ್ ಆದೀತು. ಎರಡು ಇಂಚಿನ ಥಾಯ್ಲೆಂಡ್ ಮೀನು, ಅಲ್ಲಿನ ಹೊಳೆಗಳಲ್ಲಿ ಅಪರೂಪವಾಗಿ ಹೋಗಿ ಈಗ ಸಿಗೋದು ಹೆಚ್ಚಾಗಿ ಸಾಕಣೆಯ ಮರಿ. ಹಗಲಲ್ಲೂ ಓಡಾಡುತ್ತೆ. ಇನ್ನೊಂದು ಜೀಬ್ರಾ ಲೋಚ್. ಇದನ್ನು ‘ಫಾರಿನ್’ ಅಂತ ಒಬ್ಬರು ನನಗೇ ತೋರಿಸಿದರು. ಬೋಟಿಯಾ ಸ್ಟ್ರಿಯೇಟಾ ಅಂತ ಇದಕ್ಕೆ ಹೆಸರಿಟ್ಟವರು ಬೆಂಗಳೂರು ಸೆಂಟ್ರಲ್ ಕಾಲೇಜಿನ ಪ್ರಾಧ್ಯಾಪಕ ಸಿ.ಆರ್. ನಾರಾಯಣ ರಾವ್, 1920ರಲ್ಲಿ. ಮೀನು ಸಿಕ್ಕಿದ್ದು ಶಿವಮೊಗ್ಗದ ತುಂಗೆಯಲ್ಲಿ. ಅದೇ ನೀರು ಕೂಡ್ಲಿಯಲ್ಲಿ ಭದ್ರೆಯನ್ನು ಸೇರಿಕೊಂಡು ಹರಿಹರಕ್ಕೆ ಬರೋದು. ಪಶ್ಚಿಮಘಟ್ಟದ ಹೊಳೆಗಳನ್ನು ಬಿಟ್ಟರೆ ಈ ಮೀನು ಬೇರೆಲ್ಲೂ ಇಲ್ಲ, ಪ್ರಕೃತಿ ಸಂರಕ್ಷಣೆಯ ಅಂತರರಾಷ್ಟ್ರೀಯ ಸಂಸ್ಥೆ ಐಯುಸಿಎನ್‌ನ ಕೆಂಪು ಪಟ್ಟಿಯಲ್ಲಿ ಅಳಿವಿನಂಚಿನ ಸಾಲಿನಲ್ಲಿದೆ, ಹೊಳೆಯಿಂದ ಹಿಡಿದು ಮಾರೋದೂ ಅದಕ್ಕೊಂದು ಕಾರಣ. ನೋಡೋಕೆ ಚಂದ. ನಾನು ತಂದಿಲ್ಲ.

ಇಷ್ಟು ವರ್ಷದಲ್ಲಿ ಸರಿಯಾದ ಪ್ರಶ್ನೆ ಕೇಳಿದವರು ಒಬ್ಬರೇ. ಯುಪಿಎಸ್ ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್ ಹಾಕೋಕೆ ಬಂದಾತ. ಸಂಜೆ ಕರೆಂಟು ಹೋಗಿತ್ತು, ಏರ್ ಪಂಪ್ ನಿಂತಿತ್ತು, ಮನೆಯೆಲ್ಲ ಕತ್ತಲು. ಆತ ಹಣೆಗೆ ಟಾರ್ಚ್ ಕಟ್ಟಿಕೊಂಡು ಬ್ಯಾಟರಿ ನೋಡ್ತಿದ್ದವನು ಸುಮ್ಮನೆ ಇತ್ತ ತಿರುಗಿದ. ಬೆಳಕಿನಲ್ಲಿ ಒಂದು ಕೂಲಿ ಲೋಚ್ ಗಾಜಿಗೆ ಮೈ ಒರೆಸಿಕೊಂಡು ಸರಸರ ಮೇಲೇರಿ, ನೀರಿನ ಮೇಲೆ ಬಾಯಿಟ್ಟು ಒಂದು ಗುಟುಕು ಗಾಳಿ ನುಂಗಿ, ಬಿಟ್ಟ ದಾರದ ಹಾಗೆ ಕೆಳಗೆ ಬಿತ್ತು. ಹಿಂದೆಯೇ ಇನ್ನೊಂದು. ಮರಳಿನಿಂದ ಮೀಸೆ ಮಾತ್ರ ಹೊರಗಿಟ್ಟು ಮೂರನೆಯದು. ಆತ ನೆಲದ ಮೇಲೆ ಕುಕ್ಕರುಗಾಲಲ್ಲಿ ಕೂತುಬಿಟ್ಟ. ಬ್ಯಾಟರಿ ಮುಚ್ಚಳ ಕೈಯಲ್ಲೇ ಇತ್ತು. ಇವು ಯಾಕೆ ಬೇಕು, ಏನು ಮಾಡ್ತವೆ, ರೇಟ್ ಎಷ್ಟು, ಒಂದೂ ಕೇಳಲಿಲ್ಲ.

“ಎಷ್ಟ್ ಅದಾವ್ರಿ ಸರ್?” ಅಂದ.

ಆರು ತಂದಿದ್ದೆ. ಆಮೇಲೆ ಒಂದು ಕಾಣೆಯಾಗಿ, ಸತ್ತಿತು ಅಂದುಕೊಂಡು ಮತ್ತೆರಡು ತಂದೆ. ಹನ್ನೊಂದು ದಿನದ ನಂತರ ಫಿಲ್ಟರ್ ಬಿಚ್ಚಿದರೆ ಹಳೆಯದು ಸ್ಪಂಜಿನ ಹಿಂದೆ ಗುಂಡಗೆ ಕೂತಿತ್ತು. ಎಂಟಿರಬೇಕು. ಒಟ್ಟಿಗೆ ಐದಕ್ಕಿಂತ ಹೆಚ್ಚು ಯಾವತ್ತೂ ನೋಡಿಲ್ಲ. ಲೆಕ್ಕ ಹಾಕೋಕೆ ಹೋದರೆ ಎಣಿಸಿದ್ದೇ ಮರಳಿಗಿಳಿದು ಇನ್ನೊಂದು ಕಡೆ ಎದ್ದು ಮತ್ತೆ ಎಣಿಕೆಗೆ ಬರುತ್ತೆ.

“ಎಂಟು ಇರಬೇಕು” ಅಂದೆ.

“ನನಗೆ ನಾಕ್ ಕಂಡ್ವು. ತಡೀರಿ” ಅಂದು ಟಾರ್ಚಿಗೆ ಅಂಗೈ ಅಡ್ಡ ಹಿಡಿದ, ಬೆಳಕು ಬೆರಳ ಸಂದಿಯಿಂದ ಕೆಂಪಗೆ ಸೋರಿತು. ಹತ್ತು ನಿಮಿಷ ಇಬ್ಬರೂ ಮಾತಾಡಲಿಲ್ಲ. ಕರೆಂಟು ಬಂತು, ಎಲ್ಲಾ ಒಟ್ಟಿಗೆ ಮಾಯವಾದವು. ಆರರವರೆಗೆ ಬಂದಿದ್ದನಂತೆ. ನನ್ನದು ಐದಕ್ಕೇ ನಿಂತಿತ್ತು.