ಯಾಕೆ ಸರ್, ಯಾವಾಗಲೂ ಲೆನಾರ್ಡ್?

ಶ್ರೀರಾಮಪುರದಲ್ಲಿ ಸಂಜೆ ಹೊತ್ತು ಹುಡುಗರಿಗೆ ಬಾಕ್ಸಿಂಗ್ ಹೇಳಿಕೊಡುತ್ತೇನೆ. ಹೊಸಬರು ಒಂದು ವಾರ ಕಳೆಯುವುದರೊಳಗೆ ಕೇಳುತ್ತಾರೆ: 'ಸರ್, ಅಲಿ ಇದ್ದಾನೆ, ಟೈಸನ್ ಇದ್ದಾನೆ. ನೀವ್ಯಾಕೆ ಯಾವಾಗ್ಲೂ ಶುಗರ್ ರೇ ಲೆನಾರ್ಡ್ ಅಂತೀರಿ?' ಅವರ ಅಪ್ಪ ಅಮ್ಮನೂ ಕೇಳುತ್ತಾರೆ. ನಿಂತ ಕಾಲಲ್ಲಿ ಹೇಳಿ ಮುಗಿಸುವ ಮಾತಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಒಂದು ಕಾರಣ ತೂಕ. ಲೆನಾರ್ಡ್ ಹೆಸರು ಮಾಡಿದ್ದು ವೆಲ್ಟರ್‌ವೇಟ್ ಎಂಬ ತೂಕದ ವರ್ಗದಲ್ಲಿ. ವೃತ್ತಿಪರ ಬಾಕ್ಸಿಂಗ್‌ನಲ್ಲಿ ಅದರ ಮಿತಿ 147 ಪೌಂಡ್, ಅಂದರೆ ಸುಮಾರು 66.7 ಕೆಜಿ. ನಮ್ಮ ಬೀದಿಯಲ್ಲಿ ಸಿಲಿಂಡರ್ ಹೊತ್ತು ಮೂರು ಮಹಡಿ ಹತ್ತುವ ಹುಡುಗನಿಗೂ ಅಷ್ಟೇ ತೂಕ ಇರಬಹುದು. ಅವನಿಗೆ ಟೈಸನ್ ಹೊಡೆತಕ್ಕಿಂತ ಲೆನಾರ್ಡ್ ಕಾಲು ಜಾಸ್ತಿ ಕಲಿಸುತ್ತದೆ.

ಲೆನಾರ್ಡ್ 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದ. 1979ರಲ್ಲಿ ವಿಲ್ಫ್ರೆಡ್ ಬೆನಿಟೆಜ್‌ನನ್ನು ಸೋಲಿಸಿ ವಿಶ್ವ ಚಾಂಪಿಯನ್ ಆದ. ಆದರೆ ನಾನು ಅವನನ್ನು ಹಿಡಿದುಕೊಂಡಿರುವುದು 1980ಕ್ಕಾಗಿ.

ಆ ಜೂನ್‌ನಲ್ಲಿ ಮಾಂಟ್ರಿಯಲ್‌ನಲ್ಲೇ ಪನಾಮಾದ ರೊಬೆರ್ಟೊ ಡುರಾನ್ ಎದುರಾದ. ಪಂದ್ಯಕ್ಕೂ ಮೊದಲೇ ಬೈದು, ಅಣಕಿಸಿ ಲೆನಾರ್ಡ್‌ನನ್ನು ಕೆರಳಿಸಿದ್ದ. ಕೋಪದಲ್ಲಿ ಲೆನಾರ್ಡ್ ತನ್ನ ಓಡಾಟವನ್ನೇ ಬಿಟ್ಟ. ಹಗ್ಗಕ್ಕೆ ಒತ್ತಿಕೊಂಡು, ಮೈಗೆ ಮೈ ತಾಗಿಸಿ, ಡುರಾನ್‌ಗೆ ಏನು ಬೇಕೋ ಅದೇ ಕಾಳಗ ಆಡಿದ. 15 ರೌಂಡ್ ನಿಂತ, ಸೋತ. ವೃತ್ತಿ ಬದುಕಿನ ಮೊದಲ ಸೋಲು ಅದು.

ಐದು ತಿಂಗಳಿಗೆ, ನವೆಂಬರ್‌ನಲ್ಲಿ, ನ್ಯೂ ಆರ್ಲಿಯನ್ಸ್‌ನಲ್ಲಿ ಮತ್ತೆ ಅದೇ ಡುರಾನ್. ಈ ಸಲ ಲೆನಾರ್ಡ್ ಒಂದು ಕಡೆ ನಿಲ್ಲಲೇ ಇಲ್ಲ. ಹೊಡೆದು ಜಾರಿದ, ತಿರುಗಿ ಹೊಡೆದ. ಏಳನೇ ರೌಂಡ್‌ನಲ್ಲಿ ಬಲಗೈಯನ್ನು ಗಿರಗಿರ ತಿರುಗಿಸಿದ. ಡುರಾನ್ ಕಣ್ಣು ಆ ಕೈ ಮೇಲೆ. ಎಡಗೈ ಜ್ಯಾಬ್, ಅಂದರೆ ನೇರವಾದ ಚುರುಕು ಹೊಡೆತ, ಬಂದು ಮುಖಕ್ಕೆ ಬಡಿಯಿತು! ಎಂಟನೇ ರೌಂಡ್‌ನಲ್ಲಿ ಡುರಾನ್ ತಾನಾಗಿಯೇ ಬೆನ್ನು ತಿರುಗಿಸಿ ಸಾಕು ಅಂದುಬಿಟ್ಟ. ಅವನು ಹೇಡಿ ಅಂತ ಹುಡುಗರು ನಗುತ್ತಾರೆ. ನಾನು ನಗಲು ಬಿಡುವುದಿಲ್ಲ. ಅಂಥ ಗಟ್ಟಿಗ ಕೈಚೆಲ್ಲಿದ ಅಂದರೆ ಎದುರಿದ್ದವನ ಆಟ ಎಂಥದ್ದಿರಬೇಕು, ಅಲ್ವಾ?

1981ರಲ್ಲಿ ಥಾಮಸ್ ಹರ್ನ್ಸ್ ವಿರುದ್ಧ ಲೆನಾರ್ಡ್‌ನ ಎಡಗಣ್ಣು ಊದಿಕೊಂಡು ಮುಚ್ಚಿಹೋಗುತ್ತಿತ್ತು. ಅಂಕದಲ್ಲೂ ಹಿಂದಿದ್ದ. 14ನೇ ರೌಂಡ್‌ನಲ್ಲಿ ಗೆದ್ದ. ಮರುವರ್ಷ ಅದೇ ಎಡಗಣ್ಣಿನ ಅಕ್ಷಿಪಟ (ರೆಟಿನಾ) ಕಳಚಿ ಶಸ್ತ್ರಚಿಕಿತ್ಸೆ ಆಯಿತು. ಈ ಕಣ್ಣಿನ ವಿಷಯವನ್ನು ಅಪ್ಪ ಅಮ್ಮಂದಿರಿಂದ ಮುಚ್ಚಿಡುವುದಿಲ್ಲ. ಮಗನನ್ನು ರಿಂಗ್‌ಗೆ ಕಳಿಸುವವರಿಗೆ ಗೊತ್ತಿರಬೇಕು.

ಅವನು ನಿವೃತ್ತಿ ಅಂದ, ಮತ್ತೆ ಬಂದ, ಮತ್ತೆ ಹೋದ. 1987ರಲ್ಲಿ ಮಿಡಲ್‌ವೇಟ್ ಚಾಂಪಿಯನ್ ಮಾರ್ವಿನ್ ಹ್ಯಾಗ್ಲರ್‌ನನ್ನು ಸೋಲಿಸಿದ್ದು ದೊಡ್ಡ ಗೆಲುವು. ಆದರೆ 1997ರಲ್ಲಿ, 40 ದಾಟಿದ ಮೇಲೆ, ಹೆಕ್ಟರ್ ಕಮಾಚೊ ಕೈಯಲ್ಲಿ ಐದೇ ರೌಂಡ್‌ಗೆ ಮುಗಿದುಹೋದ. ಆ ಪಂದ್ಯ ನೋಡಲು ನನಗೆ ಸಂಕಟ. ಅಲ್ಲಿಗೆ ಒಟ್ಟು 40 ಪಂದ್ಯ: 36 ಗೆಲುವು, 3 ಸೋಲು, 1 ಡ್ರಾ.

ಹೋದ ತಿಂಗಳು ಒಬ್ಬ ಹುಡುಗ ಸ್ಪಾರಿಂಗ್‌ನಲ್ಲಿ (ಅಭ್ಯಾಸದ ಕಾಳಗದಲ್ಲಿ) ಮೂಗಿಗೆ ಏಟು ತಿಂದ. ಮುಖ ಕಾಯುವ ಕೈ ಇಳಿಸಿ ಕಣ್ಣು ಮುಚ್ಚಿ ನುಗ್ಗಿದ. ಇನ್ನೂ ನಾಲ್ಕು ತಿಂದ. ಕೂರಿಸಿ ಕೈಪಟ್ಟಿ ಬಿಚ್ಚಿದೆ. ಬೆವರಿಗೆ ತೊಯ್ದು ಒದ್ದೆಯಾಗಿತ್ತು. ಕೈ ಇನ್ನೂ ನಡುಗುತ್ತಿತ್ತು. ಬೈಯಲಿಲ್ಲ. ಫೋನ್ ಕೊಟ್ಟು, 'ಡುರಾನ್ ಜೊತೆಗಿನ ಜೂನ್ ಪಂದ್ಯ ಮೊದಲು ನೋಡು, ನವೆಂಬರ್‌ದು ಆಮೇಲೆ' ಅಂದೆ.

ಮಾರನೇ ದಿನ ಎಲ್ಲರಿಗಿಂತ ಮೊದಲು ಬಂದಿದ್ದ. 'ಸರ್, ಕೈ ತಿರುಗಿಸುವಾಗ ಲೆನಾರ್ಡ್ ಹಿಂದಿನ ಕಾಲು ಎಲ್ಲಿರುತ್ತೆ?' ಅಂತ ಕೇಳಿದ. ಇಬ್ಬರೂ ಫೋನನ್ನು ಗೋಡೆಗೆ ಒರಗಿಸಿಟ್ಟು ಏಳನೇ ರೌಂಡ್ ಮತ್ತೆ ಹಾಕಿದೆವು.